ಅಗ್ನಿಶಾಮಕ ದಳದ ಸಹಾಯಾರ್ಥ ಬಾರ್ಬೆಕ್ಯೂ ಸ್ಪರ್ಧೆ: ಜನ ಸೇರುತ್ತಾರೆ, ಹಣ ಉಳಿಯುವುದಿಲ್ಲ

ಪ್ರಶ್ನೆ (ಮಿಸೌರಿಯಿಂದ)

ಎಲ್ಲರಿಗೂ ನಮಸ್ಕಾರ. ನಾವಿರುವ ಸಣ್ಣ ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳಕ್ಕೆ ದುಡಿಯುವವರು ಯಾರೂ ಇಲ್ಲ. ರೈತರು, ಮೆಕ್ಯಾನಿಕ್‌ಗಳು, ಶಾಲೆಯ ಮೇಷ್ಟ್ರುಗಳು ಕರೆ ಬಂದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಾರೆ. ಹೊಗೆಯೊಳಗೆ ನುಗ್ಗುವಾಗ ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಿಲಿಂಡರ್‌ಗಳು ಹಳೆಯದಾಗಿರುವುದರಿಂದ, ಹೊಸದಕ್ಕೆ ಹಣ ಕೂಡಿಸಲು ಪ್ರತಿ ವರ್ಷ ಬಾರ್ಬೆಕ್ಯೂ, ಅಂದರೆ ಕಟ್ಟಿಗೆಯ ಕೆಂಡದ ಹೊಗೆಯಲ್ಲಿ ನಿಧಾನವಾಗಿ ಮಾಂಸ ಬೇಯಿಸುವ, ಸ್ಪರ್ಧೆ ನಡೆಸುತ್ತಾರೆ. ಈ ಸಲ ಲೆಕ್ಕಪತ್ರದ ಹೊಣೆ ನನಗೆ ಬಂದಿದೆ. ಹಿಂದಿನ ವರ್ಷದ ಪುಸ್ತಕ ತೆರೆದು ನೋಡಿದರೆ, ಮೈದಾನ ತುಂಬ ಜನರಿದ್ದರೂ ದಳಕ್ಕೆ ಉಳಿದದ್ದು ತೀರಾ ಕಡಿಮೆ. ನಾವು ಸಸ್ಯಾಹಾರಿಗಳು, ಈ ಅಡುಗೆಯ ಒಳಹೊರಗು ನನಗೆ ತಿಳಿಯದು. ಎಲ್ಲಿ ಸೋರಿಹೋಗುತ್ತಿದೆ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಸ್ಪರ್ಧಾ ತಂಡವೊಂದರ ಸದಸ್ಯ)

ಸರ್, ಮೊದಲು ತಂಡಗಳ ಪ್ರವೇಶ ಶುಲ್ಕವನ್ನು ಬೇರೆ ಬರೆದು ನೋಡಿ. ಅದರ ಬಹುಪಾಲು ಬಹುಮಾನವಾಗಿ ಮತ್ತೆ ತಂಡಗಳ ಕೈಗೇ ಹೋಗಿರುತ್ತದೆ. ಉಳಿದದ್ದು ಶಾಮಿಯಾನ, ವಿದ್ಯುತ್, ಶೌಚಾಲಯಗಳ ಬಾಡಿಗೆಗೆ ಸಂದಿರುತ್ತದೆ. ದಳಕ್ಕೆ ಸಲ್ಲಬೇಕಾದ ಹಣ ಪ್ರಾಯೋಜಕರಿಂದ, ಹರಾಜಿನಿಂದ ಮತ್ತು ಸಾರ್ವಜನಿಕರಿಗೆ ಮಾರುವ ಊಟದಿಂದ ಬರಬೇಕು. ಬಹುಮಾನದ ಮೊತ್ತವನ್ನು ಒಬ್ಬ ಪ್ರಾಯೋಜಕರೇ ವಹಿಸಿಕೊಳ್ಳುವಂತೆ ಮಾಡಿದರೆ ಶುಲ್ಕವೂ ನಿಮಗೇ ಉಳಿಯುತ್ತದೆ. ಹ್ಯೂಸ್ಟನ್‌ನಲ್ಲಿ 1974ರಿಂದ ನಡೆಯುತ್ತಿರುವ ದೊಡ್ಡ ಸ್ಪರ್ಧೆಯು ವಿದ್ಯಾರ್ಥಿವೇತನ ನೀಡುವ ಜಾನುವಾರು ಮೇಳದ ಒಂದು ಅಂಗ. ಅಲ್ಲಿಗೆ ಬರುವವರಿಗೆ ಹಣ ಎಲ್ಲಿಗೆ ಹೋಗುತ್ತದೆಂಬುದು ಮೊದಲೇ ಗೊತ್ತಿರುತ್ತದೆ. ನೀವೂ ಸಿಲಿಂಡರ್ ಒಂದರ ಬೆಲೆಯನ್ನು ಟಿಕೆಟ್ ಕೌಂಟರ್‌ನ ಮುಂದೆಯೇ ಬರೆದು ಹಾಕಿ.

ಉತ್ತರ 2 (ತೀರ್ಪುಗಾರ್ತಿ)

ಮೇಲಿನ ಉತ್ತರ ಸರಿಯಾಗಿದೆ, ಆದರೆ ಊಟ ಮಾರುವ ವಿಷಯದಲ್ಲಿ ಒಂದು ತೊಡಕಿದೆ. ಇಂಥ ಸ್ಪರ್ಧೆಗಳಿಗೆ ನಿಯಮ ರೂಪಿಸುವ ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ಪದ್ಧತಿಯಲ್ಲಿ ಕೋಳಿ, ಹಂದಿಯ ಪಕ್ಕೆಲುಬು, ಹಂದಿಮಾಂಸ ಮತ್ತು ಬ್ರಿಸ್ಕೆಟ್, ಅಂದರೆ ದನದ ಎದೆಭಾಗ, ಎಂಬ ನಾಲ್ಕು ವಿಭಾಗಗಳಿವೆ. ಯಾರ ಅಡುಗೆಯೆಂದು ತಿಳಿಯದಂತೆ ಸಂಖ್ಯೆ ಹಾಕಿದ ಪೆಟ್ಟಿಗೆ ನಮ್ಮ ಮೇಜಿಗೆ ಬರುತ್ತದೆ. ಆರು ಜನ ನೋಟ, ರುಚಿ, ಮೃದುತ್ವಗಳಿಗೆ ಅಂಕ ಕೊಡುತ್ತೇವೆ. ಅತಿ ಕಡಿಮೆ ಅಂಕವನ್ನು ಬಿಟ್ಟುಬಿಡುತ್ತಾರೆ. ಬ್ರಿಸ್ಕೆಟ್‌ನ ಹೋಳನ್ನು ಎರಡು ಕೈಗಳಲ್ಲಿ ಹಿಡಿದು ಮೆಲ್ಲನೆ ಎಳೆಯುತ್ತೇನೆ: ತುಸು ತಡೆದು ಬಿಟ್ಟುಕೊಂಡರೆ ಹದ, ಎತ್ತುವಾಗಲೇ ಉದುರಿದರೆ ಹೆಚ್ಚು ಬೆಂದಿದೆ. ಇದಕ್ಕಾಗಿ ತಂಡದವರು ಇಡೀ ರಾತ್ರಿ ಕಟ್ಟಿಗೆಯ ಕೆಂಡ ಕಾಯುತ್ತಾರೆ. ಒಳಗಿನ ಬಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ, ಮಾಂಸದ ತೇವ ಆವಿಯಾಗಿ ತಂಪು ಮಾಡುವುದರಿಂದ, ಗಂಟೆಗಟ್ಟಲೆ ಮೇಲೇರುವುದೇ ಇಲ್ಲ. ಇಷ್ಟು ಶ್ರಮದಿಂದ ಸ್ಪರ್ಧೆಗೆಂದು ಮಾಡಿದ ಅಡುಗೆಯಿಂದ ನೂರಾರು ಜನರ ಊಟ ಹೊರಡುವುದಿಲ್ಲ. ಮಾರಾಟಕ್ಕೆ ಬೇರೆಯೇ ಒಲೆ ಹೂಡಿ, ಆರೋಗ್ಯ ಇಲಾಖೆಯ ಪರವಾನಗಿ ಪಡೆದು, ಬಡಿಸುವವರೆಗೂ ಅಡುಗೆ 60 ಡಿಗ್ರಿಗಿಂತ ಕೆಳಗಿಳಿಯದಂತೆ ಥರ್ಮಾಮೀಟರ್ ಹಿಡಿದ ಒಬ್ಬರನ್ನು ಅಲ್ಲಿಯೇ ನಿಲ್ಲಿಸಿ.

ಉತ್ತರ 3

ಆ ಬೇರೆ ಒಲೆಗೆ ತಂಡಗಳ ನೆರವನ್ನೇ ಕೇಳಿ, ಸಂಕೋಚ ಬೇಡ. 2011ರ ಮೇ 22ರಂದು ನಿಮ್ಮ ರಾಜ್ಯದ ಜಾಪ್ಲಿನ್ ನಗರವನ್ನು ಸುಂಟರಗಾಳಿ ಅಪ್ಪಳಿಸಿ 150ಕ್ಕೂ ಹೆಚ್ಚು ಜನ ತೀರಿಕೊಂಡಾಗ, ಇಂಥ ಸ್ಪರ್ಧೆಗಳ ಅಡುಗೆಯವರೇ ತಮ್ಮ ಸ್ಮೋಕರ್‌ಗಳನ್ನು (ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆಗಳನ್ನು) ಗಾಡಿಗೆ ಕಟ್ಟಿಕೊಂಡು ಹೋಗಿ, ಸಂತ್ರಸ್ತರಿಗೂ ಪರಿಹಾರ ಕಾರ್ಯದವರಿಗೂ ಒಂದು ಲಕ್ಷಕ್ಕೂ ಹೆಚ್ಚು ಊಟ ಬಡಿಸಿದರು. ವಿಪತ್ತಿನಲ್ಲಿ ಸಿಲುಕಿದವರಿಗೆ ಊಟ ಒದಗಿಸುವ ಆಪರೇಷನ್ ಬಾರ್ಬೆಕ್ಯೂ ರಿಲೀಫ್ ಸಂಸ್ಥೆ ಹುಟ್ಟಿದ್ದು ಹಾಗೆಯೇ. ನೂರಾರು ಜನರಿಗೆ ಒಮ್ಮೆಗೇ ಬೇಯಿಸುವ ಸಲಕರಣೆ, ರಾತ್ರಿ ನಿದ್ದೆಗೆಟ್ಟು ರೂಢಿಯಾದ ಮೈ, ಎರಡೂ ಅವರಲ್ಲಿವೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪುಸ್ತಕವನ್ನು ಮತ್ತೆ ನೋಡಿದೆ. ಶುಲ್ಕವೆಲ್ಲ ಬಹುಮಾನಕ್ಕೇ ಹೋಗಿದೆ, ಮಾರಾಟದ ಊಟ ಮಧ್ಯಾಹ್ನ ಒಂದಕ್ಕೇ ಮುಗಿದು ಜನ ಬರಿಗೈಯಲ್ಲಿ ಮರಳಿದ್ದಾರೆ. ನಾಳಿನ ಸಭೆಯಲ್ಲಿ ಎರಡನೆಯ ಒಲೆಯ ಮಾತು ಎತ್ತುತ್ತೇನೆ. ಇಲ್ಲಿ ಬೀನ್ಸ್‌ಗೂ ಹಂದಿಮಾಂಸ ಸೇರಿಸುವ ವಾಡಿಕೆ ಇರುವುದರಿಂದ, ಮಾಂಸ ತಿನ್ನದವರಿಗಾಗಿ ಒಂದು ದೊಡ್ಡ ಪಾತ್ರೆ ಬೀನ್ಸ್ ಮತ್ತು ಕೆಂಡದಲ್ಲಿ ಸುಟ್ಟ ಜೋಳದ ತೆನೆಯ ಹೊಣೆಯನ್ನು ನನ್ನ ಪತ್ನಿಯೂ ನಾನೂ ವಹಿಸಿಕೊಳ್ಳುತ್ತೇವೆ.