2016ರ ಪೆಟ್ರೋಲ್ ಗಾಡಿ, ಎವರೇಜ್ ಬಿದ್ದದ: ಸಾದಾ ಇ20 ಸಾಕಾ, 95 ಇಲ್ಲಾ 100 ಹಾಕಸ್ಬೇಕಾ?

ಜೇವರ್ಗಿ ರೋಡ್, ಕಲಬುರಗಿ
ನಮಸ್ಕಾರ್ರಿ. ಮನೀದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಎಂಜಿನ್. ಮೊದಲ ಹೈವೇದಾಗ 17 ಕೊಡ್ತಿತ್ತು, ಈಗ 14ಕ್ಕ ಬಂದು ನಿಂತದ. ಕಮಲಾಪುರದ ಕಡಿ ಏರು ಬಂತಂದ್ರ ಎಷ್ಟು ಒತ್ತಿದ್ರೂ ಎಳೆಯಂಗಿಲ್ಲ, ಜಗ್ಗಿ ಜಗ್ಗಿ ಹೋಗ್ತದ. ಚೆಕ್ ಎಂಜಿನ್ ಲೈಟೂ ಹತ್ತೇದ. ಮ್ಯಾನ್ಯುಯಲ್‌ನಾಗ ಇ10 ತನಕ ನಡೀತದಂತ ಬರ್ದಾರ. ಪಂಪಿನ ಹುಡುಗ "95 ಹಾಕಸ್ರಿ ಸರ, ಅದರಾಗ ಎಥನಾಲ್ ಇರಂಗಿಲ್ಲ" ಅಂತಾನ. ನಮ್ಮ ಭಾವನವರು 100 ಆಕ್ಟೇನ್ ಅಂತಾರ. ಮನಿ ಮಂದಿನ್ನೆಲ್ಲ ತುಂಬ್ಕೊಂಡು ಗಾಣಗಾಪುರಕ್ಕ, ಭಾಲ್ಕಿಗಿ ಹೋಗೋ ಗಾಡಿರೀ ಇದು. ಯಾವುದು ಹಾಕಸ್ಲಿ?

ಶಹಾಪುರದವ
ಸರ್, ಎರಡು ಬೇರೆ ಸಂಗತಿ ಕಲಸಿಹೋಗಿವೆ. 95, 100 ಅನ್ನೋದು ಆಕ್ಟೇನ್. ಕಿಡಿ ಬೀಳುವ ಮೊದಲೇ ಒತ್ತಡಕ್ಕೆ ಹೊತ್ತಿಕೊಳ್ಳದೆ ತಡೆಯುವ ಗುಣ. ಇ10, ಇ20 ಅನ್ನೋದು ಪೆಟ್ರೋಲಿನಲ್ಲಿ ಬೆರೆಸಿದ ಎಥನಾಲ್ (ಕಬ್ಬು, ಧಾನ್ಯದಿಂದ ತೆಗೆಯುವ ಆಲ್ಕೋಹಾಲ್) ಪಾಲು, ನೂರಕ್ಕೆ 10 ಅಥವಾ 20. ಎಥನಾಲಿನ ಆಕ್ಟೇನೇ ನೂರರ ಮೇಲಿದೆ, ಹಾಗಾಗಿ ಸಾದಾ ಇ20 ಕೂಡ ಈಗ 95ರ ಮಟ್ಟದ್ದೇ. ಪ್ರೀಮಿಯಂ 95ರಲ್ಲೂ ಎಥನಾಲ್ ಇರುತ್ತೆ, ಹೆಚ್ಚಿನ ದುಡ್ಡು ಹೋಗೋದು ಇಂಜೆಕ್ಟರ್ ಸ್ವಚ್ಛ ಮಾಡುವ ಅಡಿಟಿವ್‌ಗೆ.

ಇ10 ಬೇಕು ಅಂದರೂ ಬೇರೆ ಪಂಪ್ ಇಲ್ಲ. 2022ರ ಜೂನ್‌ನಲ್ಲಿ ದೇಶ 10% ಮುಟ್ಟಿತು, 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ20 ಬಿಡುಗಡೆ ಆಯಿತು, ಈಗ ಎಲ್ಲೆಡೆ ಅದೇ. ಎಥನಾಲ್ ಇಲ್ಲದ್ದನ್ನೂ ಪಂಪಿನಲ್ಲಿ ಇಡಿಸಿ ಅಂತ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಎವರೇಜ್ ಲೆಕ್ಕ ನೋಡಿ. ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ. ಅಂದರೆ ಅಪ್ಪಟ ಪೆಟ್ರೋಲಿಗೆ ಹೋಲಿಸಿದರೆ ಇ20ರಲ್ಲಿ ಸುಮಾರು 6–7% ಕಮ್ಮಿ, ಇ10ಕ್ಕೆ ಹೋಲಿಸಿದರೆ ಅದರರ್ಧ. ನೀತಿ ಆಯೋಗದ 2021ರ ವರದಿಯೂ ಹಳೆ ಕಾರುಗಳಿಗೆ 6–7% ಅಂತಲೇ ಹೇಳಿದೆ. 17 ಇದ್ದದ್ದು 16 ಆದರೆ ಎಥನಾಲ್ ಅನ್ನೋಣ. 14 ಆಗಿದೆ ಅಂದರೆ ಗಾಡಿಯಲ್ಲೇ ಏನೋ ಇದೆ.

ಬೀದರ್ ಗ್ಯಾರೇಜ್
ಅಣ್ಣಾವ್ರು ಹೇಳಿದ್ದು ಬರೋಬ್ಬರಿ ಅದ. ಮೊದಲ ಆ ಲೈಟಿನ ಕೋಡ್ ಓದಸ್ರಿ, ಆಮ್ಯಾಲ ಪೆಟ್ರೋಲ್ ಬದಲಸೋ ಮಾತು. ಗಾಡಿಗಿ ಸಿಗಸೋ ಬ್ಲೂಟೂತ್ ಓಬಿಡಿ ರೀಡರ್ (ಕೋಡ್ ಓದೋ ಸಾಧನ) ಇದ್ರ ಮೊಬೈಲ್‌ನಾಗೇ ಕಾಣ್ತದ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದ್ರ ಗಾಡಿ ಕಂಪ್ಯೂಟರ್ ಪೆಟ್ರೋಲ್ ಎಷ್ಟು ಪರ್ಸೆಂಟ್ ಜಾಸ್ತಿ ಇಲ್ಲಾ ಕಮ್ಮಿ ಮಾಡ್ಲತ್ತದ ಅನ್ನೋದು, ಎರಡು ಸಲ ನೋಡ್ರಿ: ಗಾಡಿ ನಿಂತಲ್ಲೇ ಚಾಲೂ ಇದ್ದಾಗ ಒಮ್ಮೆ, ಏರಿನಾಗ ಲೋಡ್ ಬಿದ್ದಾಗ ಒಮ್ಮೆ. ಇ20ಕ್ಕ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ ಬೇಕು, ಅದಕ್ಕ ಟ್ರಿಮ್ ನಾಕೈದು ಪರ್ಸೆಂಟ್ ಮ್ಯಾಲ ಇರೋದು ಸಹಜ. ನಿಂತಾಗ ಭಾಳ ಇದ್ದು ರೇಸ್ ಕೊಟ್ಟಾಗ ಇಳೀತಂದ್ರ ಎಲ್ಲೋ ಗಾಳಿ ಎಳೀಲತ್ತದ. ಲೋಡಿನಾಗ ಏರ್ತಂದ್ರ ಪೆಟ್ರೋಲೇ ಮುಟ್ಟಲ್ದು.

ಜೇವರ್ಗಿ ರೋಡ್, ಕಲಬುರಗಿ
ಓದ್ಸಿದ್ವಿರೀ. ಕೋಡ್ ಪಿ0171, ಲೀನ್ ಅಂತ, ಅಂದ್ರ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಟ್ರಿಮ್ ನಿಂತಾಗ +6, ಏರಿನಾಗ +23.

ಬೀದರ್ ಗ್ಯಾರೇಜ್
ಹಂಗಾದ್ರ ಟ್ಯಾಂಕ್ ಒಳಗಿನ ಪಂಪ್ ಬಿಚ್ಚಸ್ರಿ. ಎಥನಾಲ್ ಹಳೆ ಟ್ಯಾಂಕಿನ ತಳದ ಗಸಿ ಎಲ್ಲ ತೊಳ್ಕೊಂಡು ಬಂದು ಜಾಳಗಿಗಿ, ಫಿಲ್ಟರಿಗಿ ಕೂಡಸ್ತದ. ಊರಾಗ ಸಣ್ಣಗ ಓಡಸೋವಾಗ ಗೊತ್ತಾಗಂಗಿಲ್ಲ, ಏರು ಬಂದಾಗ ಉಸಿರು ಕಟ್ತದ. ರಬ್ಬರ್ ಪೈಪ್ ಬೆರಳಿಲೆ ಒತ್ತಿ ನೋಡ್ರಿ; ಉಬ್ಬಿ ಮೆತ್ತಗಾಗಿದ್ರ, ಇಲ್ಲಾ ಸೀಳು ಬಿಟ್ಟಿದ್ರ ಇ20ಕ್ಕ ನಡೆಯೋದೇ ಕೇಳಿ ಹಾಕಸ್ರಿ. ಸಾದಾ ನೀರಿನ ಪೈಪ್ ಹಾಕೋ ಮಂದೀನೂ ಅದಾರ, ಮೈಯೆಲ್ಲ ಕಣ್ಣಾಗಿರ್ರಿ. ಪೆಟ್ರೋಲ್ ಸೋರಿದ್ರ ಎವರೇಜ್ ಮಾತಲ್ಲ, ಬೆಂಕಿ ಮಾತು.

ಆಳಂದ ಕಬ್ಬು
ನಮ್ಮ ಕಬ್ಬಿನ ಬಿಲ್ಲು ಫ್ಯಾಕ್ಟರಿಯವರು ಜಲ್ದಿ ಕೊಟ್ರ ನಿಮ್ಮ ಟ್ಯಾಂಕಿಗಿ ನಾನೇ ಬೆಲ್ಲ ಹಾಕ್ತೀನಿ, ಚಿಂತಿ ಬ್ಯಾಡ್ರಿ!

ಜೇವರ್ಗಿ ರೋಡ್, ಕಲಬುರಗಿ
ಬಿಚ್ಚಸ್ದಾಗ ಜಾಳಗಿ ಕರ್ರಗ ಆಗಿತ್ರಿ. ಒಂದು ಪೈಪೂ ಉಬ್ಬಿತ್ತು. ಎರಡೂ ಬದಲಾದವು, ಲೈಟ್ ಆರೇದ, ಏರಿನಾಗ ಎಳೀಲತ್ತದ, ಎವರೇಜ್ 16ರ ಹತ್ರ ಅದ. ಆದ್ರ ಇನ್ನ ಮುಂದ ಯಾವುದು ಹಾಕಸ್ಲಿ? ಭಾವನವರು ಬಿಡ್ಲವಲ್ರು.

ಶಹಾಪುರದವ
ಸಾದಾ ಇ20ಯೇ ಹಾಕಿಸಿ ಸರ್. ಭಾವನವರು ಹೇಳೋ 100 ಆಕ್ಟೇನ್, ಅಂದರೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100ನಲ್ಲಿ ಎಥನಾಲ್ ಇಲ್ಲ ನಿಜ, ಆದರೆ ಸಾದಾ ಪೆಟ್ರೋಲಿಗಿಂತ ಸುಮಾರು ಒಂದೂವರೆ ಪಟ್ಟು ರೇಟು. ಆರೇಳು ಪರ್ಸೆಂಟ್ ಎವರೇಜ್ ಉಳಿಸಲು ಐವತ್ತು ಪರ್ಸೆಂಟ್ ಜಾಸ್ತಿ ಕೊಡೋದು ಯಾವ ಲೆಕ್ಕ? ನಿಮ್ಮ ಎಂಜಿನ್‌ಗೆ 100 ಆಕ್ಟೇನಿನಿಂದ ಬಲವೂ ಬರೋಲ್ಲ. ಹೈದರಾಬಾದ್ ಕಡೆ ಹೋದಾಗ ಸಿಕ್ಕಿದರೆ ಅರ್ಧ ಟ್ಯಾಂಕ್ ಅದು, ಅರ್ಧ ಇ20 ಹಾಕಿದರೆ ಹೆಚ್ಚುಕಮ್ಮಿ ಇ10 ಆಗುತ್ತೆ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋ ಮುಂಚೆ ಹಾಗೆ ಮಾಡೋದಕ್ಕೆ ಅರ್ಥವಿದೆ, ದಿನಾ ಓಡಿಸೋಕಲ್ಲ. "ಎಥನಾಲ್ ತೆಗೆಯುವ" ಬಾಟಲಿ ಮಾತ್ರ ಕೊಳ್ಳಬೇಡಿ. ಬೆರೆತ ಎಥನಾಲನ್ನು ಬಾಟಲಿ ಔಷಧಿ ಹೊರಗೆ ಹಾಕೋಲ್ಲ.

ಭಾವನವರಿಗೆ ತೋರಿಸಬೇಕಾದರೆ ಗೆರೆ ಇರುವ ಗಾಜಿನ ಅಳತೆ ಕೊಳವೆಯಲ್ಲಿ 90 ಮಿಲಿ 95 ಪೆಟ್ರೋಲ್, 10 ಮಿಲಿ ನೀರು ಹಾಕಿ ಅಲ್ಲಾಡಿಸಿ ಬಿಡಿ. ಎಥನಾಲ್ ನೀರಿಗೆ ಇಳಿದು ಕೆಳಗಿನ ಪದರ 28ರ ಆಸುಪಾಸು ಬಂದರೆ ಅದು ಇ20. ಅಂಗಳದಲ್ಲಿ ಮಾಡಿ, ಒಲೆ, ಬೀಡಿ ಹತ್ತಿರ ಬೇಡ.

ಜೇವರ್ಗಿ ರೋಡ್, ಕಲಬುರಗಿ
ಮಾಡಿ ನೋಡಿದ್ವಿ, 27–28ರ ನಡುವ ನಿಂತದ. ಭಾವನವರು ಸುಮ್ಮನಾಗ್ಯಾರ. ಮಳೆಗಾಲದಾಗ ಏನರ ನೋಡ್ಬೇಕೇನ್ರಿ?

ಬೀದರ್ ಗ್ಯಾರೇಜ್
ಗಿರಾಕಿ ಜಾಸ್ತಿ ಇರೋ ಪಂಪಿನಾಗೇ ಹಾಕಸ್ರಿ, ಮಾಲು ಹಳೇದಾಗಂಗಿಲ್ಲ. ನೀರು ಸೇರಿದ್ರ ಎಥನಾಲೂ ನೀರೂ ಕೂಡಿ ಟ್ಯಾಂಕಿನ ತಳಕ್ಕ ಇಳೀತಾವ, ಗಾಡಿ ಮೊದಲ ಎಳ್ಕೊಳೋದು ಅದನ್ನೇ. ಜೋರು ಮಳಿ ಆದ ಮರುದಿನ ಅನುಮಾನ ಬಂದ್ರ ಡೆನ್ಸಿಟಿ ತೋರಸ್ರಿ ಅನ್ರಿ, ತೋರಸ್ಬೇಕು ಅವರು. ಮುಂದಿನ ಸರ್ವಿಸ್‌ದಾಗ ಜಾಳಗಿ ಮತ್ತೊಮ್ಮೆ ನೋಡಸ್ರಿ, ಟ್ಯಾಂಕಿನ ಗಸಿ ಒಮ್ಮೆಲೆ ಖಾಲಿ ಆಗಂಗಿಲ್ಲ.