ಷಟಲ್ ರ‍್ಯಾಕೆಟ್‌ಗೆ ಗಟ್ಟಿಂಗ್ (ಗಟ್ ಅಂದರೆ ತಂತಿ, ಅದನ್ನು ಬಿಗಿಯುವುದು) ಎಷ್ಟು ಪೌಂಡ್‌ಗೆ ಹಾಕಿಸಲಿ? ಅನುಭವ ಇರುವವರು ಹೇಳಿ

ಹುಬ್ಬಳ್ಳಿ ಡಬಲ್ಸ್: ವಾರಕ್ಕೆ ಮೂರು ದಿನ ಆಫೀಸ್ ಮುಗಿಸಿ ಆಡುತ್ತೇನೆ. ಡಬಲ್ಸ್ ಮಾತ್ರ, ನೈಲಾನ್ ಕಾಕ್. ರ‍್ಯಾಕೆಟ್ ಜೊತೆ ಬಂದಿದ್ದ ಗಟ್ ಕಟ್ ಆಯಿತು. ಅಂಗಡಿಯವರು 28ಕ್ಕೆ ಹಾಕಿಸಿ, ಸ್ಮ್ಯಾಶ್ ಸಿಡಿಯುತ್ತದೆ ಅನ್ನುತ್ತಾರೆ. ಫ್ರೇಮ್ ಮೇಲೂ 28ರ ತನಕ ಅಂತ ಬರೆದಿದೆ. ಗಟ್‌ನಲ್ಲಿ ಬಿಜಿ 65 ಸಾಕಾ, ಬಿಜಿ 66 ಅಲ್ಟಿಮ್ಯಾಕ್ಸ್ ತಗೊಳ್ಳಲಾ? ದಯವಿಟ್ಟು ತಿಳಿಸಿ.

ಮೊಣಕೈ ಸಂತ್ರಸ್ತ: 28 ಅಂತ ಓದಿದ ತಕ್ಷಣ ನನ್ನ ಕೈ ನೋಯಲು ಶುರುವಾಯಿತು. ಹೋದ ವರ್ಷ ನಾನೂ ಹೀಗೇ ಅಂಗಡಿಯವರ ಮಾತು ಕೇಳಿ 24ರಿಂದ ಒಂದೇ ಸಲ 28ಕ್ಕೆ ಹಾರಿದೆ. ಮೊದಲ ದಿನ ಟಣ್ ಅಂತ ಸದ್ದು. ಪಕ್ಕದ ಕೋರ್ಟಿನವರು ತಿರುಗಿ ನೋಡಿದರು. ಖುಷಿಯೋ ಖುಷಿ. ಆದರೆ ಕ್ಲಿಯರ್ ಹೊಡೆದರೆ ಕಾಕ್ ಹಿಂದಿನ ಗೆರೆ ತನಕ ಹೋಗುತ್ತಲೇ ಇರಲಿಲ್ಲ. ಹೋಗಲೇಬೇಕು ಅಂತ ಇನ್ನೂ ಜೋರಾಗಿ ಬೀಸಿದೆ. ಮೂರನೇ ವಾರ ಹಾಲಿನ ಪಾತ್ರೆ ಎತ್ತಲಾಗಲಿಲ್ಲ. ಡಾಕ್ಟರು ಟೆನಿಸ್ ಎಲ್ಬೋ ಅಂದರು. ಆಡಿದ್ದು ಷಟಲ್, ಬಂದಿದ್ದು ಟೆನಿಸ್ ಎಲ್ಬೋ! ಫಿಸಿಯೋ 12 ದಿನ, ದಿನಕ್ಕೆ 500, ಅಲ್ಲಿಗೆ 6000. ಮೊಣಕೈ ಪಟ್ಟಿ 450. ಕೋರ್ಟಿಗೆ ಮುಂಗಡ ಕಟ್ಟಿದ್ದ 3000 ವಾಪಸ್ ಬರಲಿಲ್ಲ. ಗಟ್ಟಿಂಗ್ 750. ಒಟ್ಟು 10,200 ರೂಪಾಯಿಯ ಸ್ಮ್ಯಾಶ್. ಈಗ 23, ಬಿಜಿ 65. ಇನ್ನು ದೇವರೇ ಬಂದು ಹೇಳಿದರೂ ಒಂದು ಪೌಂಡ್ ಏರಿಸುವುದಿಲ್ಲ.

ಮಂಡ್ಯ ಜಂಪ್ ಸ್ಮ್ಯಾಶ್: ಅದು ಪೌಂಡ್ ತಪ್ಪಲ್ಲ ಸರ್, ಟೆಕ್ನಿಕ್ ತಪ್ಪು. ನಾನು ನಾಲ್ಕು ವರ್ಷದಿಂದ 28ರಲ್ಲೇ ಆಡುತ್ತಿದ್ದೇನೆ. ಅದೂ 0.63 ಮಿ.ಮೀ.ನ ತೆಳು ಗಟ್. ಡ್ರಾಪ್ ಅಂದುಕೊಂಡ ಕಡೆ ಬೀಳುತ್ತದೆ. ಗಟ್ ಬೇಗ ಕಟ್ ಆಗುತ್ತದೆ, ಒಪ್ಪುತ್ತೇನೆ. ಹೋದ ಟೂರ್ನಮೆಂಟಿಗೆ ಹಿಂದಿನ ಸಂಜೆ 950 ಕೊಟ್ಟು ಹಾಕಿಸಿದ್ದೆ. ಮೊದಲ ಗೇಮ್, 14-13. ಕಾಕ್ ಫ್ರೇಮ್ ಅಂಚಿಗೆ ತಾಗಿತು, ಪಟ್ ಅಂತ ಹೋಯಿತು. ಎರಡನೇ ರ‍್ಯಾಕೆಟ್ ತಗೊಂಡು ಗೆದ್ದೆ. ಬೇಜಾರಿಲ್ಲ.

ಮೊಣಕೈ ಸಂತ್ರಸ್ತ: ನನ್ನ ಆಟ ಎಲ್ಲಿ ನೋಡಿದ್ದೀರಿ? ಹದಿನೆಂಟು ವರ್ಷದಿಂದ ಆಡುತ್ತಿದ್ದೇನೆ. ಒಂದೇ ಗೇಮಿಗೆ 950 ಸುಟ್ಟವರಿಂದ ಟೆಕ್ನಿಕ್ ಪಾಠ ಬೇಡ.

ಮಂಡ್ಯ ಜಂಪ್ ಸ್ಮ್ಯಾಶ್: ನನ್ನ ದುಡ್ಡು ಸ್ವಾಮಿ, ನಿಮ್ಮದಲ್ಲವಲ್ಲ.

ಮೈಸೂರಿನ ಅಮ್ಮ: ನೀವಿಬ್ಬರು ಕಿತ್ತಾಡುತ್ತಿರುವ 28 ಒಂದೇ 28 ಅಂತ ಯಾರು ಹೇಳಿದ್ದು? ಕೈಯಲ್ಲಿ ತಿರುಗಿಸುವ ಗಟ್ಟಿಂಗ್ ಮಷಿನ್ ಅಷ್ಟು ಪೌಂಡ್ ಎಳೆದು ಲಾಕ್ ಆಗುತ್ತದೆ. ಆಮೇಲೆ ಗಟ್ ಹಿಗ್ಗಿದರೆ ಮತ್ತೆ ಎಳೆಯುವುದಿಲ್ಲ. ಎಲೆಕ್ಟ್ರಾನಿಕ್ ಮಷಿನ್ ಎಳೆತ ಬಿಡುವುದೇ ಇಲ್ಲ. ಒಂದರ 26 ಇನ್ನೊಂದರ 24ರ ಹಾಗಿರುತ್ತದೆ. ಇದು ಗೊತ್ತಾಗಿದ್ದು ಮಗಳ ರ‍್ಯಾಕೆಟ್ ಮೂರು ಅಂಗಡಿಗೆ ಕೊಟ್ಟ ಮೇಲೆ. ಮೂರೂ ಕಡೆ 22 ಅಂದಿದ್ದೆ, ಮೂರೂ ಬೇರೆ ಬೇರೆ ಸದ್ದು. ಕೊನೆಗೆ 16,000 ಕೊಟ್ಟು ತೂಕ ಇಳಿಬಿಡುವ ಮಷಿನ್ ಮನೆಗೇ ತಂದೆ. ಮನೆಯವರು ಎರಡು ದಿನ ಮಾತಾಡಲಿಲ್ಲ. ಮೊದಲ ರ‍್ಯಾಕೆಟ್‌ಗೆ ಮೂರೂವರೆ ಗಂಟೆ ಹಿಡಿಯಿತು. ಅಡ್ಡ ಗಟ್ ಒಂದು ಕಡೆ ಹೆಣಿಗೆ ತಪ್ಪಿ ಪೂರ್ತಿ ಕತ್ತರಿಸಿದೆ. ಈಗ ಐವತ್ತು ನಿಮಿಷ ಸಾಕು. 200 ಮೀಟರ್ ರೀಲ್ ತಂದರೆ ಇಪ್ಪತ್ತು ರ‍್ಯಾಕೆಟ್ ಆಗುತ್ತದೆ.

ನಿವೃತ್ತ ಮೇಷ್ಟ್ರು: ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದದ್ದು ಮಣಿಕಟ್ಟಿನ ಚಳಕದಿಂದ, ಪೌಂಡಿನಿಂದಲ್ಲ. ನಾವು ಬಾಲ್ ಬ್ಯಾಡ್ಮಿಂಟನ್ ಆಡುವಾಗ ಉಲ್ಲನ್ ಚೆಂಡು ಮಳೆಗೆ ನೆನೆದು ಕಲ್ಲಾಗುತ್ತಿತ್ತು. ಯಾರ ಮೊಣಕೈಯೂ ಹೋಗಲಿಲ್ಲ.

ಮಂಡ್ಯ ಜಂಪ್ ಸ್ಮ್ಯಾಶ್: ಮೇಷ್ಟ್ರೇ, ಅದು ಬೇರೆ ಆಟ.

ನಿವೃತ್ತ ಮೇಷ್ಟ್ರು: ಬೇರೆ ಆಟವಂತೆ! ಒಂದು ಸಲ ಆಡಿ ನೋಡಪ್ಪ.

ಕುಡ್ಲ ಬ್ಯಾಕ್‌ಹ್ಯಾಂಡ್: ನಿಮ್ಮದೆಲ್ಲ ಗಟ್ ಕಥೆ, ನನ್ನದು ಫ್ರೇಮ್ ಕಥೆ. 6800ರ ರ‍್ಯಾಕೆಟ್. ಬರೆದಿದ್ದು 28, ನಾನು ಹಾಕಿಸಿದ್ದು 29. ಒಂದು ಗಟ್ ಹೋಯಿತು. ಉಳಿದದ್ದು ಫ್ರೇಮನ್ನು ಒಂದೇ ಕಡೆ ಎಳೆಯುತ್ತದೆ ಅಂತ ಗೊತ್ತಿಲ್ಲದೆ, ಕತ್ತರಿಸದೆ ಕಾರಿನಲ್ಲೇ ಬಿಟ್ಟೆ. ಮಂಗಳೂರಿನ ಏಪ್ರಿಲ್ ಬಿಸಿಲು. ಮೂರನೇ ದಿನ ನೋಡಿದರೆ ಮೇಲ್ಗಡೆ ಎಡಕ್ಕೆ ಬಿರುಕು. ವಾರಂಟಿ ಕೇಳಿದರೆ 29 ಅಂತ ಬಿಲ್ಲಿನಲ್ಲೇ ಇದೆಯಲ್ಲ ಅಂದರು. ಆ ಬಿಲ್ ಇನ್ನೂ ಪರ್ಸಿನಲ್ಲಿದೆ.

ಹುಬ್ಬಳ್ಳಿ ಡಬಲ್ಸ್: ಎಲ್ಲರಿಗೂ ಥ್ಯಾಂಕ್ಸ್ ರೀ. ಹಂಗಾದರೆ ನೈಲಾನ್ ಕಾಕ್‌ಗೆ 24 ಸಾಕೇನು?

ಮೈಸೂರಿನ ಅಮ್ಮ: ಸಾಕು, ಬಿಜಿ 65 ಹಾಕಿಸಿ. ಹಳೇ ಗಟ್ ಪೂರ್ತಿ ಕತ್ತರಿಸಿದ್ದೀರಿ ಅಲ್ವಾ?

ಹುಬ್ಬಳ್ಳಿ ಡಬಲ್ಸ್: ಇಲ್ಲ ಮೇಡಂ, ಎಂಟು ದಿನದಿಂದ ಬ್ಯಾಗಿನಲ್ಲಿ ಹಾಗೇ ಐತಿ.

ಕುಡ್ಲ ಬ್ಯಾಕ್‌ಹ್ಯಾಂಡ್: ಅಯ್ಯೋ ಮಾರಾಯ್ರೆ! ಈಗಲೇ ಕತ್ತರಿ ತಗೊಳ್ಳಿ. ನಡುವಿನಿಂದ ಶುರು ಮಾಡಿ.

ಮಂಡ್ಯ ಜಂಪ್ ಸ್ಮ್ಯಾಶ್: ಸುಮ್ನೆ ಹೆದರಿಸಬೇಡಿ. ನಾನು ಹದಿನೈದು ದಿನ ಬಿಟ್ಟಿದ್ದೆ, ಏನೂ ಆಗಿಲ್ಲ.

ಕುಡ್ಲ ಬ್ಯಾಕ್‌ಹ್ಯಾಂಡ್: ಎಲ್ಲಿ, ಮಂಡ್ಯದಲ್ಲಾ? ನಮ್ಮೂರಿನ ಏಪ್ರಿಲ್‌ನಲ್ಲಿ ಬಿಟ್ಟು ಆಮೇಲೆ ಮಾತಾಡಿ.