ಪದಚರ್ಚೆ: ‘ಕ್ರೀಡಾಸ್ಫೂರ್ತಿ’ ಸಾಲದ ಕಡೆ ಏನನ್ನೋಣ? (ಸೈಕಲ್ ರೇಸಿನ ಬರೆಯದ ಕಟ್ಟಳೆಗಳು)

ಗೆಳೆಯರೇ, ನಮಸ್ಕಾರ.

ಒಂದು ಪದದ ತಕರಾರು ಹೊತ್ತು ತಂದಿದ್ದೇನೆ. ದಿನಕ್ಕೊಂದು ಹಂತದಂತೆ ಸುಮಾರು ಮೂರು ವಾರ ನಡೆಯುವ ಸೈಕಲ್ ರೇಸು ಟೂರ್ ಡಿ ಫ್ರಾನ್ಸ್ ಬಗ್ಗೆ ಒಂದು ಪತ್ರಿಕೆಗೆ ಲೇಖನ ಬರೆದುಕೊಟ್ಟಿದ್ದೆ. ಅಚ್ಚಾದ ಮೇಲೆ ನೋಡಿದರೆ, ನಾನು ‘ಮರ್ಯಾದೆ’, ‘ಕಟ್ಟುಪಾಡು’ ಎಂದು ಬರೆದ ಕಡೆಯೆಲ್ಲ ‘ಕ್ರೀಡಾಸ್ಫೂರ್ತಿ’ ಬಂದು ಕೂತಿದೆ. ಒಂದು ಸಾಲಂತೂ ‘ಕ್ರೀಡಾಸ್ಫೂರ್ತಿಯನ್ನು ಮುರಿದ ಆರೋಪ’ ಎಂದಾಗಿದೆ. ಸ್ಫೂರ್ತಿಯನ್ನು ಮುರಿಯುವುದು ಹೇಗೆ ಸ್ವಾಮಿ? ಬತ್ತಿತು ಅನ್ನಿ, ಒಪ್ಪುತ್ತೇನೆ. ಮುರಿಯುವುದು ಕಟ್ಟಳೆ, ಮೀರುವುದು ಮರ್ಯಾದೆ.

ಉಪಸಂಪಾದಕರ ಮೇಲೆ ಸಿಟ್ಟಿಲ್ಲ. ಕೆಲವು ಪ್ರಸಂಗಗಳಿಗೆ ಆ ಪದ ಚೆನ್ನಾಗಿಯೇ ಒಗ್ಗುತ್ತದೆ. 2022ರ ಟೂರ್‌ನ 18ನೇ ಹಂತ ನೆನಪಿಸಿಕೊಳ್ಳಿ. ಪಿರನೀಸ್ ಬೆಟ್ಟಗಳಲ್ಲಿ ಸ್ಪಾಂಡೆಲ್ ಕಣಿವೆದಾರಿಯ ಇಳಿಜಾರು. ಹಳದಿ ಅಂಗಿ (ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರುವವನ ಗುರುತು) ತೊಟ್ಟ ಯೋನಸ್ ವಿಂಗೆಗಾರ್ಡ್ ತಿರುವಿನಲ್ಲಿ ಬೀಳುವಂತಾಗಿ ಹೇಗೋ ಸಾವರಿಸಿಕೊಂಡ. ಸ್ವಲ್ಪ ಮುಂದೆ ಅವನ ಬೆನ್ನು ಹತ್ತಿದ್ದ ತಾದೇಯ್ ಪೊಗಾಚರ್ ರಸ್ತೆಯಂಚಿನ ಜಲ್ಲಿಗೆ ಜಾರಿ ಬಿದ್ದೇಬಿಟ್ಟ. ವಿಂಗೆಗಾರ್ಡ್ ಪೆಡಲ್ ತುಳಿಯುವುದು ಬಿಟ್ಟು, ಹಿಂದೆ ತಿರುಗಿ ನೋಡುತ್ತಾ ಕಾದ. ಪೊಗಾಚರ್ ಬಂದು ಸೇರಿಕೊಂಡು ಕೈ ಚಾಚಿದ, ಇಬ್ಬರೂ ಓಡುವ ಸೈಕಲ್ ಮೇಲೆಯೇ ಕೈ ಹಿಡಿದರು. ಆಮೇಲೆ ಒತಕಾಂ ಏರಿನಲ್ಲಿ ವಿಂಗೆಗಾರ್ಡ್ ಅವನನ್ನು ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಬಿಟ್ಟ, ಅದು ಬೇರೆ ಮಾತು. ಇದನ್ನು ಕ್ರೀಡಾಸ್ಫೂರ್ತಿ ಅನ್ನಿ, ದೊಡ್ಡತನ ಅನ್ನಿ, ಯಾರೂ ಜಗಳ ತೆಗೆಯುವುದಿಲ್ಲ.

ತೊಡಕು ಶುರುವಾಗುವುದು 2010ರಲ್ಲಿ. ಜುಲೈ 19, ಪೋರ್ ದ ಬಲೆಸ್ ಏರು. ಹಳದಿ ಅಂಗಿಯ ಆಂಡಿ ಶ್ಲೆಕ್ ಜೋರಾಗಿ ತುಳಿದು ಮುನ್ನುಗ್ಗಿದ್ದೇ ತಡ, ಅವನ ಚೈನ್ ಬಿತ್ತು. ಆಲ್ಬರ್ಟೊ ಕಾಂಟಡೋರ್ ಪಕ್ಕದಿಂದ ಹಾದು ಹೋದ, ನಿಲ್ಲಲಿಲ್ಲ. ಆ ದಿನ ಅವನು ಗಳಿಸಿದ್ದು 39 ಸೆಕೆಂಡು. ಹಳದಿ ಅಂಗಿ 8 ಸೆಕೆಂಡಿನ ಅಂತರದಲ್ಲಿ ಕೈ ಬದಲಾಯಿತು. ಪ್ಯಾರಿಸ್ ಮುಟ್ಟಿದಾಗ ಇಬ್ಬರ ನಡುವೆ ಇದ್ದದ್ದೂ ಅದೇ 39 ಸೆಕೆಂಡು! ಸಂಜೆ ವೇದಿಕೆಯಲ್ಲಿ ಜನ ಕಾಂಟಡೋರ್‌ಗೆ ಛೀಮಾರಿ ಹಾಕಿದರು, ರಾತ್ರಿ ಅವನು ವಿಡಿಯೋ ಮಾಡಿ ಕ್ಷಮೆ ಕೇಳಿದ. (ಉದ್ದೀಪನ ಮದ್ದಿನ ಪ್ರಕರಣದಲ್ಲಿ 2012ರಲ್ಲಿ ಆ ಗೆಲುವನ್ನು ಕಿತ್ತು ಶ್ಲೆಕ್‌ಗೆ ಕೊಟ್ಟರು. ಅದಕ್ಕೂ ಚೈನಿಗೂ ಸಂಬಂಧವಿಲ್ಲ.)

ಇಷ್ಟು ಓದುತ್ತಿದ್ದ ಹಾಗೇ ನಿಮ್ಮಲ್ಲಿ ಅರ್ಧ ಜನಕ್ಕೆ ಕರ್ಣನ ರಥದ ಗಾಲಿ ನೆನಪಾಗಿರುತ್ತದೆ. ನನಗೂ ಆಯಿತು. ಆದರೆ ಕರ್ಣ ‘ತಾಳು’ ಎಂದದ್ದಕ್ಕಿಂತ ಕೃಷ್ಣ ಕೊಟ್ಟ ಉತ್ತರ ಇಲ್ಲಿ ಹೆಚ್ಚು ಹೊಂದುತ್ತದೆ: ಆಗೆಲ್ಲ ಎಲ್ಲಿ ಹೋಗಿತ್ತಯ್ಯಾ ನಿನ್ನ ಧರ್ಮ? ಕಾಂಟಡೋರ್ ಕಡೆಯವರು ಕೇಳಿದ್ದೂ ಅಕ್ಷರಶಃ ಇದನ್ನೇ. ಅದೇ ಟೂರ್‌ನ ಎರಡನೇ ಹಂತದಲ್ಲಿ ಶ್ಲೆಕ್ ಬಿದ್ದಾಗ ಇಡೀ ದಂಡು, ಅಂದರೆ ಒಟ್ಟಾಗಿ ಸಾಗುವ ಸವಾರರ ದೊಡ್ಡ ಗುಂಪು, ನಿಧಾನಿಸಿ ಅವನನ್ನು ಕೂಡಿಸಿಕೊಂಡಿತ್ತು. ಮರುದಿನ ಕಲ್ಲುಹಾಸಿನ ರಸ್ತೆಯಲ್ಲಿ ಬೇರೆಯವರು ಬಿದ್ದು, ಕಾಂಟಡೋರ್ ಹಿಂದೆ ಸಿಕ್ಕಿಕೊಂಡಾಗ ಶ್ಲೆಕ್ ಕಾಯದೆ 1 ನಿಮಿಷ 13 ಸೆಕೆಂಡು ಗಳಿಸಿಕೊಂಡಿದ್ದ. ಒಬ್ಬನ ಒಳ್ಳೆಯತನದ ಪ್ರಶ್ನೆಯಾಗಿದ್ದರೆ ಈ ಲೆಕ್ಕ ಯಾಕೆ ಬೇಕಿತ್ತು? ಇದು ಕೊಡುಕೊಳೆಯ ಮಾತು, ಊರವರು ಬಾಯಲ್ಲೇ ಇಟ್ಟುಕೊಂಡ ಲೆಕ್ಕ. ‘ಸ್ಫೂರ್ತಿ’ಯಲ್ಲಿ ಈ ಅರ್ಥ ಹೊರಡುವುದಿಲ್ಲ.

ಇನ್ನೊಂದು ಪ್ರಸಂಗ ಹೇಳಿಬಿಡುತ್ತೇನೆ. ನನ್ನ ವಾದ ನಿಂತಿರುವುದೇ ಅದರ ಮೇಲೆ. 2004ರ ಟೂರ್, 18ನೇ ಹಂತ. ಫಿಲಿಪ್ಪೊ ಸಿಮಿಯೋನಿ ಎಂಬ ಇಟಲಿಯವನು ದಂಡಿನಿಂದ ಹೊರಬಿದ್ದು ಮುಂದಿನ ಚಿಕ್ಕ ಗುಂಪನ್ನು ಸೇರಲು ಹೊರಟ. ಗೆಲ್ಲುವವರ ಪಟ್ಟಿಯಲ್ಲಿ ಅವನು ಎಲ್ಲೋ ಕೆಳಗಿದ್ದವನು, ಯಾರಿಗೂ ಅಪಾಯವಿರಲಿಲ್ಲ. ಆದರೂ ಹಳದಿ ಅಂಗಿಯ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಖುದ್ದಾಗಿ ಅಟ್ಟಿಸಿಕೊಂಡು ಹೋದ. ಹಳದಿ ಅಂಗಿ ಜೊತೆಗಿದ್ದರೆ ಹಿಂದಿನವರು ಬಿಡುತ್ತಾರೆಯೇ? ಮುಂದಿದ್ದವರಿಗೆ ತಮ್ಮ ದಾರಿ ಮುಚ್ಚಿತೆಂದು ಗೊತ್ತಾಯಿತು, ಸಿಮಿಯೋನಿಗೆ ವಾಪಸ್ ಹೋಗೆಂದರು. ಹೋದ. ಆರ್ಮ್‌ಸ್ಟ್ರಾಂಗ್ ತುಟಿಗೆ ಜಿಪ್ ಎಳೆದಂತೆ ಕೈಸನ್ನೆ ಮಾಡಿದ. ಸಿಮಿಯೋನಿ ಮಾಡಿದ್ದ ತಪ್ಪು ಒಂದೇ: ಆರ್ಮ್‌ಸ್ಟ್ರಾಂಗ್‌ಗೂ ಬೇಕಾದವನಾಗಿದ್ದ ಮಿಕೆಲೆ ಫೆರಾರಿ ಎಂಬ ವೈದ್ಯ ಉದ್ದೀಪನ ಮದ್ದು ಕೊಡುತ್ತಿದ್ದುದರ ಬಗ್ಗೆ ಕೋರ್ಟಿನಲ್ಲಿ ಸಾಕ್ಷಿ ನುಡಿದಿದ್ದ.

ಬಿದ್ದವನಿಗೆ ಕಾಯುವುದೂ ಬರೆಯದ ಕಟ್ಟಳೆ, ಬಾಯಿ ಬಿಟ್ಟವನನ್ನು ಹೊರಗಿಡುವುದೂ ಬರೆಯದ ಕಟ್ಟಳೆ. ನಡೆಸುವವರೂ ಅವರೇ, ದಂಡಿನ ಯಜಮಾನರು. ಈ ಎರಡು ವಾಕ್ಯದಲ್ಲೂ ಕೂರುವ ಪದ ನನಗೆ ಬೇಕು. ‘ಕ್ರೀಡಾಸ್ಫೂರ್ತಿ’ ಎರಡನೆಯದರಲ್ಲಿ ಕೂತರೆ ನಗೆಪಾಟಲು. ‘ಅಲಿಖಿತ ನಿಯಮ’ ಎರಡರಲ್ಲೂ ಕೂರುತ್ತದೆ, ಆದರೆ ಸಪ್ಪೆ. ವಾಡಿಕೆಯನ್ನು ‘ಬರೆದಿಲ್ಲ’ ಎಂದು ಹೇಳಿ ಗುರುತಿಸುವ ಅಗತ್ಯ ನಮ್ಮ ಊರುಗಳಿಗೆ ಯಾವತ್ತು ಬಿದ್ದಿತ್ತು? ‘ಕಟ್ಟುಪಾಡು’ ನೋಡಿ. ಸತ್ತ ಮನೆಗೆ ಊರೆಲ್ಲ ಹೆಗಲು ಕೊಡುವುದೂ ಕಟ್ಟುಪಾಡು, ಬೆಂಕಿ ನೀರು ಕೊಡದೆ ಬಹಿಷ್ಕಾರ ಹಾಕುವುದೂ ಕಟ್ಟುಪಾಡು. ಬಿಳುಪು ಕಪ್ಪು ಎರಡೂ ಅದರೊಳಗಿವೆ. ನನ್ನ ಓಟು ಇದಕ್ಕೆ.

ಒಬ್ಬೊಬ್ಬನ ನಡತೆಗೆ ‘ಮರ್ಯಾದೆ’ ಇರಲಿ. ಈಗ ನಾವದನ್ನು ಗೌರವ ಎಂಬ ಅರ್ಥಕ್ಕೆ ಇಳಿಸಿಕೊಂಡಿದ್ದೇವೆ, ಮೂಲದಲ್ಲಿ ಅದು ಎಲ್ಲೆ, ಮೇರೆ. ಆಡುಮಾತಿನಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಹೋದ ತಿಂಗಳು ನಂದಿಬೆಟ್ಟ ಹತ್ತುವಾಗ ನನ್ನ ಚೈನೂ ಬಿತ್ತು. ಜೊತೆಗಿದ್ದ ಮೂವರು ಹುಡುಗರು ತಿರುಗಿಯೂ ನೋಡದೆ ಹೋದರು. ಅರವತ್ತು ದಾಟಿದ ಹಿರಿಯರೊಬ್ಬರು ಇಳಿದು, ಒಂದು ಕಡ್ಡಿಯಿಂದ ಚೈನನ್ನು ಎತ್ತಿ ಹಲ್ಲಿಗೆ ಕೂರಿಸಿ, ಪೆಡಲನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿದರು. ಮಸಿ ಮೆತ್ತಿದ ಬೆರಳನ್ನು ಲಂಟಾನ ಎಲೆಗೆ ಒರೆಸುತ್ತಾ, “ಇಷ್ಟು ಮರ್ಯಾದೆ ಬೇಡ್ವೇನ್ರೀ ಅವಕ್ಕೆ?” ಎಂದರು. ಅಲ್ಲಿ ‘ಗೌರವ’ ಎಂದು ಹಾಕಿ ನೋಡಿ, ಮಾತು ಸತ್ತುಹೋಗುತ್ತದೆ.

ಸಣ್ಣಪುಟ್ಟ ಪದಗಳೂ ಉಳಿದಿವೆ. ಮೇಲೆ ‘ದಂಡು’ ಎಂದದ್ದು ಪೆಲೊಟಾನ್‌ಗೆ. ಫ್ರೆಂಚಿನ ಆ ಮಾತಿನ ಬುಡದಲ್ಲಿರುವುದು ನೂಲಿನ ಉಂಡೆ. ‘ಗಾಳಿಗೆ ಉಂಡೆ ಬಿಚ್ಚಿಕೊಂಡಿತು’ ಎಂದು ಬರೆಯಲು ಕೈ ತುರಿಸಿತು, ಆದರೆ ಓದುವವರಿಗೆ ಎಳ್ಳುಂಡೆ ಕಾಣುತ್ತದೆ. ಇಂಗ್ಲಿಷಿನ ಪ್ಲಟೂನ್ ಹುಟ್ಟಿದ್ದೂ ಅದರಿಂದಲೇ, ಹಾಗಾಗಿ ದಂಡು ಸಾಕು.

ನಾಯಕನಿಗಾಗಿ ದುಡಿಯುವ ಸವಾರನಿಗೆ ಫ್ರೆಂಚರು ಡೊಮೆಸ್ಟಿಕ್ ಅನ್ನುತ್ತಾರೆ, ಮನೆಯಾಳು ಎಂದು. 1911ರಲ್ಲಿ ಟೂರ್ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಇದನ್ನು ಮೊರಿಸ್ ಬ್ರೊಕೊ ಎಂಬವನ ಮೇಲೆ ಬೈಗುಳವಾಗಿ ಎಸೆದದ್ದು. ಈಗ ಅದು ಹೆಮ್ಮೆಯ ಬಿರುದು. 1934ರಲ್ಲಿ ಇಪ್ಪತ್ತು ವರ್ಷದ ರೆನೆ ವಿಯೆಟ್ಟೊ ತನ್ನ ಗಾಲಿ ಬಿಚ್ಚಿ ನಾಯಕ ಆಂತೊನಾ ಮಾನ್‌ಗೆ ಕೊಟ್ಟು, ಕಲ್ಲುಗೋಡೆಯ ಮೇಲೆ ಅಳುತ್ತಾ ಕೂತ ಫೋಟೊ ಇದೆ. ಅದನ್ನು ನೋಡಿದವರು ‘ಸಹಾಯಕ ಸವಾರ’ ಎಂದು ಬರೆಯಲಾರರು. ನನ್ನ ಸೂಚನೆ ‘ಬಂಟ’. ರಾಮನ ಬಂಟ ಎಂದಾಗ ಆಳುತನವೂ ಕಲಿತನವೂ ಒಟ್ಟಿಗೇ ಬರುತ್ತವಲ್ಲ. ಕರಾವಳಿಯವರು ಸಮುದಾಯದ ಹೆಸರೆಂದು ತಡೆದರೆ ‘ಜೋಳದ ಪಾಳಿ’ಯವನು, ಅಂದರೆ ಉಂಡ ಅನ್ನದ ಋಣಕ್ಕೆ ಒಡೆಯನಿಗಾಗಿ ದುಡಿಯುವವನು, ಎನ್ನಬಹುದು. ಗೆದ್ದ ನಾಯಕ ಬಹುಮಾನದ ಹಣವನ್ನು ಜೊತೆಗಾರರಿಗೆ ಹಂಚುವ ಪದ್ಧತಿ ಅಲ್ಲಿರುವುದರಿಂದ, ಆ ಹಳೆಯ ಮಾತು ಅಷ್ಟೇನೂ ದೂರದ್ದಲ್ಲ.

ಕೊನೆಯದು, ಮುಂದೆ ಹೋಗಿ ಒಮ್ಮೆಯೂ ಗಾಳಿಗೆ ಎದೆ ಕೊಡದೆ, ಇನ್ನೊಬ್ಬನ ಹಿಂದೆಯೇ ಗಾಳಿಮರೆಯಲ್ಲಿದ್ದು ಬಲ ಉಳಿಸಿಕೊಂಡು ಕಡೆಯ ಗಳಿಗೆಯಲ್ಲಿ ದಾಟಿ ಗೆಲ್ಲುವವನು. ಬರೆದ ನಿಯಮದಲ್ಲಿ ಇದು ತಪ್ಪಲ್ಲ, ಕಟ್ಟುಪಾಡಿನಲ್ಲಿ ದೊಡ್ಡ ತಪ್ಪು. ಇಟಲಿಯವರು, ಜರ್ಮನರು ಅವನನ್ನು ಗಾಲಿ ಚೀಪುವವ ಅನ್ನುತ್ತಾರೆ, ಡಚ್ಚರಿಗೆ ಅವನು ಗಾಲಿಗೆ ಅಂಟುವವ. ನನಗೆ ಹೊಳೆದದ್ದು ‘ಜಿಗಣೆ’, ಮಲೆನಾಡಿನ ಗೆಳೆಯರೊಬ್ಬರು ‘ಇಂಬಳ’ ಎಂದರು. ಆದರೆ ಇದನ್ನು ಬೆಂಗಳೂರಲ್ಲಿ ಕೂತು ಟಂಕಿಸುವುದು ಸರಿಯಲ್ಲ. ವಿಜಯಪುರ, ಬಾಗಲಕೋಟೆ ಕಡೆ ತಲೆಮಾರುಗಳಿಂದ ಸೈಕಲ್ ಪಟುಗಳಿದ್ದಾರೆ, ಎದುರುಗಾಳಿಯೂ ಧಾರಾಳ. ಆ ಕಡೆಯವರು ಈ ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ: ಬೆನ್ನಿಗೆ ಬಿದ್ದು ಗಾಳಿಮರೆ ತಿಂದು ಗೆದ್ದವನನ್ನು ನಿಮ್ಮ ಹುಡುಗರು ಏನಂತ ಬೈತಾರ?